ಹುರಮಂಜ ಹಚ್ಚಿದ ಗಾಲಿ

ಕುಷ್ಟಗಿ
ವ್ಯಯ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ, ಗುರುವಾರ
ತಾ. ೧೪-೧೧-೧೯೪೬

ಗಂಗಾವತಿಯೊಳಗ ಇರೂ ನಮ್ಮ ಮನಿಯವರಾದ ದೇವೇಂದ್ರಪ್ಪನವರಿಗೆ ಶೇಖರಮ್ಮ ಮಾಡೂ ನಮಸ್ಕಾರ.

ಇತ್ತ ಎಲ್ಲಾರೂ ಕ್ಷೇಮ ಅಂತ ಸುರು ಮಾಡಬೇಕು ಅಂತ ಮಠದ ಅಯ್ಯನವರು ನಮಗ ಕಲಿಸಿದ್ರು. ನಿಮ್ಮ ವ್ಯಾಪಾರದ ಪತ್ರ ಎಷ್ಟು ಬರದುಕೊಟ್ಟೀನಿ, ಎಲ್ಲಾದಕ್ಕೂ ಅದ ಸಾಲು ಹಾಕೀನಿ. ಇವತ್ತ ಆ ಸಾಲಿಗೆ ಕೈ ಏಳವಲ್ದು. ಇತ್ತ ಕ್ಷೇಮ ಇಲ್ರಿ. ನಮ್ಮಣ್ಣ ವಿರೂಪಾಕ್ಷಪ್ಪ ಯಲಬುರ್ಗಾ ಠಾಣೇದ ಕೋಣ್ಯಾಗ ಕುಂತಾನ. ನಮ್ಮವ್ವ ಸಣ್ಣವ್ವ ರೊಟ್ಟಿ ಬಡೀತಾಳ, ತಿನ್ನೂದಿಲ್ಲ. ಅತ್ತ ನಿಮ್ಮ ಕ್ಷೇಮ ನಾ ಕೇಳೂದಿಲ್ಲ. ಲಾರಿ ಒಂದು ಹೊಂಟ್ರ ಎಲ್ಲಾ ಛಲೋ ಆಗತೈತಿ ಅಂತ ನೀವ ಬರದೀರಿ.

ಕರುಳು ಅನ್ನೂದು ಐತೇನ್ರಿ ನಿಮಗ? ನಿಮ್ಮ ಒಡಹುಟ್ಟಿದ ತಮ್ಮ ತಿಮ್ಮಣ್ಣ ಸತ್ತದ್ದು ದಸರಾಕ್ಕ. ಈಗಿನ್ನೂ ದೀಪಾವಳಿ ಮುಗದೈತಿ. ಅವನ್ನ ಕೊಂದ ಮಿಲಿಟರಿ ಲಾರಿಗೆ ಯಾವ ಟಾಯರ ಹಾಕಿಸಬೇಕು, ಯಾವ ಗಾಲಿ ಕೊಳ್ಳಬೇಕು, ನಿಮ್ಮಣ್ಣನ್ನ ಕೇಳಿ ಬರದು ತಿಳಸು ಅಂತ ಪತ್ರ ಬರದೀರಿ. ಆ ಅಣ್ಣ ಒಳಗ ಕುಂತದ್ದು ಯಾರು ಕೊಟ್ಟ ಹೇಳಿಕಿ ಮ್ಯಾಲ? ನೀವು ಕೊಟ್ಟ ಹೇಳಿಕಿ ಮ್ಯಾಲ. ಅವನ್ನ ಹಿಡಿಸಿಕೊಟ್ಟ ಕೈಲೇ ಈಗ ಅವನ ಬುದ್ಧಿ ಬೇಡತೀರಿ. ಅದರ ಸಂಗಾಟ ಇಳಕಲ್ ಸೀರಿ ಬ್ಯಾರೆ, ಕೆಂಪು ದಡೀದು. ಕೆಂಪು ನಿಮಗ ಇನ್ನೂ ಸಾಕಾಗಿಲ್ಲ ಅಂತ ಕಾಣತೈತಿ.

ಪತ್ರ ಸೋಮವಾರ ಮುಟ್ಟಿತು. ಹರದು ಒಲಿಗೆ ಹಾಕಬೇಕು ಅಂತ ಎದ್ದಾಕಿ ಹಾಕಲಿಲ್ಲ. ಮರುದಿನ ಹೆಂಗೂ ಅಣ್ಣಗ ಬುತ್ತಿ ಒಯ್ಯೂದಿತ್ತು, ಬಂಡಿ ಕಟ್ಟಿಸಿಕೊಂಡು ಯಲಬುರ್ಗಾಕ್ಕ ಹೋದೆ. ಸಿಟ್ಟಿಲೇನ ಹೇಳಿದೆ, ನಿನ್ನ ಭಾವ ಹಿಂಗ ಕೇಳ್ಯಾನ ನೋಡಪಾ ಅಂತ. ಅವ ಥೂ ಅಂತ ಉಗಳಬೇಕು, ನಾ ಅದನ್ನ ನಿಮಗ ಬರೀಬೇಕು ಅಂತ ನನ್ನ ಆಸೆ. ಅವ ರೊಟ್ಟಿ ಕೆಳಗ ಇಟ್ಟು, ಹಳೇ ಟಾಯರಿನ ಮೈ ಹೆಂಗದಾವ, ಬಿರುಕು ಬಿಟ್ಟಾವೇನು ಅಂತ ಕೇಳಿದ.

ಅವ ಹೇಳಿದ್ದನ್ನ ಹೇಳಿದಂಗ ಬರೀತೀನಿ, ಕೇಳ್ರಿ. ಈ ಲಾರಿ ಉಳದ ಲಾರಿ ಹಂಗ ಅಲ್ಲ, ಎಂಜಿನ್ನು ಮುಂದಿನ ಗಾಲೀನೂ ಎಳೀತೈತಿ, ಹಿಂದಿನ ಗಾಲೀನೂ ಎಳೀತೈತಿ. ಅದಕ್ಕ ನಾಕೂ ಟಾಯರು ಒಂದ ಅಳತೀವು ಇರಬೇಕು. ಹಿಂದ ಭಾರ ಬೀಳತೈತಿ ಅಂತ ಹಿಂದ ದೊಡ್ಡವು ಮುಂದ ಸಣ್ಣವು ಹಾಕಿದ್ರ ಒಳಗಿನ ಹಲ್ಲು ಮುರೀತಾವ. ಹವಾ ಇಲ್ಲದನೂ ಓಡತಾವ ಅಂತ ಮಿಲಿಟರಿಯವರ ದಪ್ಪ ಟಾಯರು ತೋರಸತಾರ, ಅವು ಬ್ಯಾಡ, ನಮ್ಮ ಬಿಸಲಾಗ ಭಾರ ಹೊತ್ರ ಸುಡತಾವ. ಮ್ಯಾಲ ಹಲ್ಲು ಛಲೋ ಕಂಡ್ರೂ ನಂಬಬಾರದು, ಬಿಸಲಾಗ ಬಿದ್ದ ಟಾಯರು ಪಕ್ಕದಾಗ ಸೀಳಿರತೈತಿ, ಕೈಲೇ ಮಣಿಸಿ ನೋಡಿ ತೊಗೋಬೇಕು. ಗಾಲಿ ಮಾತ್ರ ಜೋಡಿಸಿದ್ದು ಸುತಾರಾಂ ಬ್ಯಾಡ, ಅಖಂಡ ಒಂದ ತುಂಡಿಂದು ತೊಗೋರಿ ಅಂತ. ಬಳ್ಳಾರಿ ಜಿಲಾನಸಾಬರ ಅಂಗಡಿ ಹಿತ್ತಲದಾಗ ಅಂಥಾ ಗಾಲಿ ಅವ ಆರಿಸಿ ಇಟ್ಟು ಬಂದಿದ್ದ, ಸುಣ್ಣದ ಕಡ್ಡೀಲೆ ಗುರುತು ಹಾಕಿ. ಸಾಬರು ಮಾತಿನ ಮನಷ್ಯಾ, ಬ್ಯಾರೆಯವರಿಗೆ ಕೊಟ್ಟಿರೂದಿಲ್ಲ ಅಂದ.

ಅವರಿಗೆ ಯಾಕ ಇಷ್ಟು ಹೇಳತಿ ಅಂತ ನಾ ಅವನ ಮ್ಯಾಲ ಹರಿಹಾಯ್ದೆ. ಇನ್ನ ಮುಂದ ಯಾರ ಮನಿ ಮಗ ಆ ಲಾರಿ ಹೊಡಿಯಾವ ಇದಾನೋ ಏನೋ, ನಮ್ಮ ನಿಮ್ಮ ಜಗಳ ಗಾಲಿಗೇನು ಗೊತ್ತು ಅಂದ. ಇಂಥಾವನ್ನ ಕೊಲೆಗಡಕ ಅಂತ ಬರಿಸೀರಲ್ರೀ.

ನೀವು ಕೇಳಿದ್ದು ಮುಗೀತು. ಇನ್ನ ನಾ ಹೇಳೂದು. ನಿಮಗ ಗೊತ್ತಿಲ್ಲದ್ದು ಇದರಾಗ ಒಂದೂ ಇಲ್ಲ. ಆದ್ರೂ ಮೊದಲಿಂದ ಬರೀತೀನಿ. ಯಾಕ ಅನ್ನೂದು ಕಡೀಗೆ ತಿಳೀತೈತಿ.

ಲಡಾಯಿ ಮುಗದು ಅಣ್ಣ ಬರ್ಮಾದಿಂದ ಹೊಳ್ಳಿ ಬಂದಾಗ ಅವನ ಬೆನ್ನು ಹತ್ತಿದವರು ನೀವು. ಹೊಳಿಗೆ ದೊಡ್ಡ ಕಟ್ಟಿ ಕಟ್ಟಲಿಕ್ಕೆ ಹತ್ಯಾರ, ಕಲ್ಲು ಸಿಮಿಟಿ ಹೊರಾಕ ಲಾರಿ ಇದ್ದಾವನ ರಾಜ ಅಂತ ಹಗಲೂ ಇರುಳೂ ಅದ ಮಾತು. ಬಳ್ಳಾರಿಯಾಗ ಮಿಲಿಟರಿ ಸಾಮಾನು ಲಿಲಾವು ಆದಾಗ ಅಣ್ಣನೇ ಎಂಜಿನ್ನಿಗೆ ಕಿವಿಗೊಟ್ಟು ಆ ಲಾರಿ ಆರಿಸಿದ. ಎದಿ ಗಟ್ಟಿ ಐತಿ, ಕಾಲು ಸೋತಾವ, ಟಾಯರು ಗಾಲಿ ಬದಲಿ ಮಾಡೂತನಕ ಭಾರ ಹೇರಬ್ಯಾಡ್ರಿ ಅಂತ ಅವತ್ತ ಹೇಳಿದ್ದ. ನೀವು ಹೂಂ ಅಂದಿದ್ರಿ. ನಿಮ್ಮ ಹೂಂ ನನಗ ಹೊಸದಲ್ಲ.

ಆ ಗಾಲಿ ಬಗ್ಗೆ ಅಣ್ಣ ನಮ್ಮ ಅಂಗಳದಾಗ ಎರಡು ಗಂಗಾಳ ತರಿಸಿ ತಿಮ್ಮಣ್ಣಗ ತೋರಿಸಿದ್ದ. ನಾನೂ ನಿಂತು ನೋಡೀನಿ. ಎರಡು ಗಂಗಾಳ ಬಾಯಿಗೆ ಬಾಯಿ ಹಚ್ಚಿ ಇಟ್ಟಂಗ ಆ ಗಾಲಿ ಎರಡು ಹೋಳಿಂದು, ನಡುವ ಟಾಯರು. ಆ ಎರಡು ಹೋಳು ಕೂಡಿಸಿ ಹಿಡದದ್ದು ಹೊರಗಿನ ಸುತ್ತಿನ ನಟ್ಟು. ಅವಕ್ಕ ಮಿಲಿಟರಿಯವರು ಕೆಂಪು ಬಣ್ಣ ಹಚ್ಚಿರತಾರ. ಒಳಗ ಅಚ್ಚಿನ ಹತ್ರ ಇನ್ನೊಂದು ಸಣ್ಣ ಸುತ್ತು, ಅದು ಗಾಲೀನ್ನ ಲಾರಿಗೆ ಹಿಡದದ್ದು, ಲಾರಿ ಮೈ ಬಣ್ಣದ ಹಂಗ ಹಸರು. ಗಾಲಿ ತಗೀಬೇಕಂದ್ರ ಹಸರು ಅಷ್ಟ ಬಿಚ್ಚಬೇಕು. ಟಾಯರಿನ್ಯಾಗ ಹವಾ ಇದ್ದಾಗ ಕೆಂಪು ಬಿಚ್ಚಿದ್ರ ಎರಡೂ ಹೋಳು ತೋಪು ಹಾರಿದಂಗ ಹಾರತಾವ, ಎದುರಿಗೆ ಕುಂತಾವ ಉಳಿಯೂದಿಲ್ಲ.

ತಿಮ್ಮಣ್ಣ ಸಾಲಿಗೆ ಹೋದಾವಲ್ಲ. ಅದಕ್ಕ ಅಣ್ಣ ಅವಗ ಒಂದ ಮಾತು ಬಾಯಿಪಾಠ ಮಾಡಿಸಿದ, ಹಸರು ಬಿಚ್ಚು, ಕೆಂಪು ಮುಟ್ಟಬ್ಯಾಡ. ಹುಡುಗಾಟಿಕಿ ಮನಷ್ಯಾ, ಉಣ್ಣಾಕ ಕುಂತ್ರ ನಾ ಬಡಿಸಿದ ಕೆಂಪು ಚಟ್ನಿ ಸರಿಸಿ, ಕೆಂಪು ಮುಟ್ಟಬಾರದ್ರಿ ವೈನಿ, ವಿರೂಪಾಕ್ಷಣ್ಣನ ಅಪ್ಪಣಿ ಆಗೇತಿ ಅಂತಿದ್ದ. ನಾವೆಲ್ಲಾ ನಗತಿದ್ವಿ. ನೀವೂ ನಕ್ಕೀರಿ. ಹಂಗಂದ್ರ ನಿಮಗೂ ಗೊತ್ತಿತ್ತು.

ದಸರಾದಾಗ ಟಾಯರು ಗಾಲಿ ಆರಿಸಾಕ ಅಣ್ಣನ್ನ ಬಳ್ಳಾರಿಗೆ ಕಳಿಸಿದವರೂ ನೀವು. ನಾ ಬರೂತನಕ ಲಾರಿ ಹೊರಗ ತಗೀಬ್ಯಾಡ್ರಿ ಅಂತ ಹೇಳಿ ಹೊಳಿ ದಾಟಿ ಹೋದ. ಇತ್ತ ನವಮಿ ದಿನ ಖಂಡೇಪೂಜಿ. ಓಣಿ ತುಂಬ ಬಂಡಿ ಗಾಲಿಗೆ ಬಿಳಿ ಸುಣ್ಣ, ಕೆಂಪು ಹುರಮಂಜ ಬಳದು ನಿಲ್ಲಿಸ್ಯಾರ. ನಿಮಗ ತಡೀಲಿಲ್ಲ. ನಮ್ಮ ಲಾರಿ ಬೋಳು ಬೋಳು ಕಾಣತೈತಿ ಅಂತ ಹುರಮಂಜ ತರಿಸಿದ್ರಿ. ನೀರಾಗ ಕಲಿಸಿದ್ರ ನಿಲ್ಲೂದಿಲ್ಲ ಅಂತ ಅಗಸಿ ಎಣ್ಣ್ಯಾಗ ಕಲಿಸಿದ್ರಿ. ಬಂಡಿಯವರು ಗಾಲಿ ನಡುವಿನ ಗುಂಬಕ್ಕ ಹಚ್ಚಿದಂಗ ನೀವು ಲಾರಿ ಗಾಲಿಯ ಒಂದೊಂದು ನಟ್ಟಿಗೆ, ಒಳಗಿಂದು ಹೊರಗಿಂದು ಅನ್ನದ, ನಿಮ್ಮ ಕೈಯಾರ ಬಳದ್ರಿ. ಆರತಿ ತಾಟು ಹಿಡಕೊಂಡು ಬಾಗಲಾಗ ನಾ ನಿಂತಿದ್ದೆ. ಅಣ್ಣ ಬರಲಿ, ಕೇಳಿ ಹಚ್ಚೂಣಂತ ಅಂದೆ. ದೇವರ ಕೆಲಸಕ್ಕ ನಿಮ್ಮಣ್ಣನ ಪರವಾನಗಿ ಬೇಕೇನು ಅಂತ ಓಣಿ ಮಂದಿ ಮುಂದ ನನಗ ಗದರಿದ್ರಿ. ಅತ್ತಿ ಮುಂದ ನಿಂತು ಕಾಯಿ ಒಡದ್ರು. ಬನ್ನಿ ತರಾಕ ಹೋದ ತಿಮ್ಮಣ್ಣ ಬಂದು ನೋಡಿ, ಮದಲಗಿತ್ತಿ ಹಂಗ ಆಗ್ಯಾಳಲ್ಲೋ ಅಂತ ಕುಣದ. ಹಬ್ಬದ ದಿನ ಗಾಲಿ ಬಿಚ್ಚೂ ವಿಚಾರ ಯಾರಿಗೆ ಬರತೈತಿ ಹೇಳ್ರಿ.

ಮರುದಿನ ದಶಮಿ. ಊರ ಗಡಿ ದಾಟಾಕ ಅದಕ್ಕಿಂತ ಛಲೋ ದಿನ ಇಲ್ಲ ಅಂತ ಲಾರಿ ತಗದ್ರಿ. ಅಣ್ಣನ ಮಾತು ಯಾರಿಗೆ ನೆನಪು? ನನ್ನ ಕುಷ್ಟಗಿಗೆ ತಂದು ಬಿಟ್ರಿ, ನಮ್ಮಪ್ಪಗ ಬನ್ನಿ ಕೊಟ್ರಿ, ಜ್ವಾಳದ ಚೀಲಕ್ಕ ಜಾಗ ಸಾಲೂದಿಲ್ಲ ಅಂತ ಸ್ಟೆಪ್ನಿ ಗಾಲಿ ನಮ್ಮ ಅಂಗಳದಾಗ ಇಳಿಸಿದ್ರಿ, ಅಣ್ಣತಮ್ಮ ಇಬ್ರೂ ಯಲಬುರ್ಗಾಕ್ಕ ಹೋದ್ರಿ. ತಿಮ್ಮಣ್ಣ ಲಾರಿ ಕಿಡಕ್ಯಾಗಿಂದ ಬನ್ನಿ ಎಲಿ ನನ್ನ ಕಡೆ ತೂರಿ, ಬಂಗಾರ ಐತಿ ವೈನಿ, ಕೂಡಿ ಇಡ್ರಿ, ನನ್ನ ಮದವಿಗೆ ಬೇಕಾಗತೈತಿ ಅಂದ. ಆ ಎಲಿ ಇನ್ನೂ ನನ್ನ ಹತ್ರ ಅದಾವ.

ಅಲ್ಲಿ ಆದದ್ದನ್ನ ನಾ ಕಣ್ಣಾರ ನೋಡಿಲ್ಲ. ತಿಮ್ಮಣ್ಣನ ಹಾಲುತುಪ್ಪದ ದಿನ ಗಂಗಾವತಿ ಮನಿ ಹಿತ್ತಲದ ಬಣಿವಿ ಹಿಂದ ನನ್ನ ಮಡಲಾಗ ಮಾರಿ ಹುದುಗಿಸಿ ನೀವ ಹೇಳಿದ್ರಿ. ಚೀಲ ಹೇರೂ ಮೊದಲ ಮುಂದಿನ ಛಲೋ ಟಾಯರು ಹಿಂದಕ್ಕ ಹಾಕು, ಹಿಂದಿನ ಸವದದ್ದು ಮುಂದಕ್ಕ ಹಾಕು ಅಂತ ತಿಮ್ಮಣ್ಣಗ ಹೇಳಿದ್ರಿ. ಜಾಕಿ ಕೊಟ್ಟು ಪಾನಾ ಹಿಡದು ಅವ ಗಾಲಿ ಮುಂದ ಕುಂತ. ನೋಡತಾನ, ಹಸರು ಅನ್ನೂದು ಒಂದೂ ಇಲ್ಲ. ಅಣ್ಣಾ, ಎಲ್ಲಾ ಕೆಂಪ ಅದಾವಲ್ಲೋ, ಯಾವು ಬಿಚ್ಚಲಿ ಅಂತ ಕೂಗಿ ಕೇಳಿದ. ನೀವು ದಲಾಲಿ ಸಂಗಾಟ ಧಾರಣಿ ಮಾತಾಡಲಿಕ್ಕೆ ಹತ್ತಿದ್ರಿ. ಹೊಳ್ಳಿ ಸುದ್ದಾ ನೋಡದ, ಹೊರಗಿನವು ಕೈಗೆ ಸಿಗತಾವಲ್ಲ ಅವನ್ನ ಬಿಚ್ಚಲೇ, ಹೊತ್ತಾತು ಅಂದ್ರಿ. ಒಡಹುಟ್ಟಿದ ಅಣ್ಣನ ಮಾತು ಮೀರೂದು ಅವ ಕಲತಾವಲ್ಲ. ಬಿಚ್ಚಿದ.

ಅವತ್ತ ನಿಮ್ಮ ತಲಿ ನಾ ಸವರೀನಿ. ಇದನ್ನ ಮರೀಬ್ಯಾಡ್ರಿ. ತಪ್ಪು ಮಾಡದ ಕೈ ಯಾವುದೈತಿ, ಬೇಕಂತ ಮಾಡಿದ್ದಲ್ಲ, ಇವತ್ತಿಲ್ಲ ನಾಳೆ ಇವರ ಬಾಯಿಲೇ ಅತ್ತಿಗೆ ಹೇಳತಾರ, ಠಾಣೇದ ಅಮೀನಸಾಹೇಬರಿಗೆ ಹೇಳತಾರ, ನಾ ಪಕ್ಕದಾಗ ನಿಲ್ಲತೀನಿ ಅಂತ ಮಾಡಿದ್ದೆ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನೀವು ನನ್ನ ತಾಳಿ ಮುಟ್ಟಿ ಆಣಿ ಹಾಕಿಸಿದಾಗ ಸುದ್ದಾ ನನಗ ಸಂಶೆ ಬರಲಿಲ್ಲ. ಆಮ್ಯಾಲ ತಿಳೀತು, ನನ್ನ ಮಡಲಾಗ ಅಳೂದಕ್ಕಿಂತ ಮೊದಲ ನೀವು ಚಿಮಣಿ ಎಣ್ಣಿ ಅರಿವಿ ತೊಗೊಂಡು ಲಾರಿ ಗಾಲಿಯ ಹುರಮಂಜ ಎಲ್ಲಾ ಒರಸಿದ್ರಿ. ಮಿಲಿಟರಿಯವರ ಕೆಂಪು ಉಳೀತು, ನಿಮ್ಮ ಕೆಂಪು ಹೋತು. ಹೆಣದ ಮುಂದ ಕುಂತು ಅಳೂ ಹೊತ್ತಿನ್ಯಾಗ ಇಂಥಾ ಬುದ್ಧಿ ಮನಷ್ಯಾಗ ಹೆಂಗ ಬರತೈತಿ ಶಿವನೇ.

ಅಮೀನರು ಬಂದಾಗ ಏನಂದ್ರಿ? ಬಳ್ಳಾರಿಗೆ ಹೋಗೂ ಮುಂಚೆ ಗಾಲಿ ಕೂಡಿಸಿದಾವ ನನ್ನ ಹೆಂಡತಿ ಅಣ್ಣ, ಬಿಚ್ಚೂದು ಕಲಿಸಿದಾವನೂ ಅವನ, ತಪ್ಪು ಕಲಿಸಿ ನನ್ನ ತಮ್ಮನ್ನ ತಿಂದ ಅಂದ್ರಿ. ಕೋತಿ ತಾ ಮೊಸರು ತಿಂದು ಮ್ಯಾಕಿ ಬಾಯಿಗೆ ಒರಸಿತಂತ. ಆ ಮ್ಯಾಕಿ ನಮ್ಮಣ್ಣ. ಅವ ಬಳ್ಳಾರಿಯಿಂದ ಸುದ್ದಿ ಕೇಳಿ ಓಡಿ ಬಂದಾಗ ಅವನ ಅಂಗಿ ಕಿಸೆದಾಗ ಗುರುತು ಹಾಕಿದ ಸುಣ್ಣದ ಕಡ್ಡಿ ಹಂಗ ಇತ್ತು. ಗಂಗಾವತಿ ಮನಿ ಬಾಗಲದಾಗ ಅವನ್ನ ಹಿಡದು ಒಯ್ದ್ರು. ಅತ್ತಿ ನನ್ನ ಸೀರಿ ಗಂಟು ಅಂಗಳಕ್ಕ ಒಗದು, ಮಗನ್ನ ತಿಂದಾವನ ತಂಗಿ ನನ್ನ ಹೊಸ್ತಿಲದಾಗ ಬ್ಯಾಡ ಅಂದ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಹೆತ್ತ ಹೊಟ್ಟಿ, ಅವರಿಗೆ ನೀವು ಹೇಳಿದ್ದ ಗೊತ್ತು. ನೀವು ಬಾಗಲ ಹಿಂದ ನಿಂತಿದ್ರಿ. ನಿಮ್ಮ ಕಾಲು ನನಗ ಕಾಣತಿದ್ವು.

ಇಷ್ಟು ದಿನ ನಾ ಆಣಿಗೆ ಕಟ್ಟುಬಿದ್ದು ಸುಮ್ಮನಿದ್ದೆ. ಮಂಗಳವಾರ ಅಣ್ಣ ಟಾಯರಿನ ಮಾತೆಲ್ಲಾ ಮುಗಿಸಿ, ನಾ ಏಳೂ ಹೊತ್ತಿಗೆ ಕೇಳಿದ. ತಂಗಿ, ನಾ ತಿಮ್ಮಣ್ಣಗ ಹೇಳಿಕೊಟ್ಟದ್ದು ಹಿಂದುಮುಂದ ಆಗಿತ್ತೇನ, ಕೆಂಪು ಬಿಚ್ಚು ಅಂತ ಬಾಯಿತಪ್ಪಿ ಅಂದಿದ್ದೆನೇನ, ನೆನಸ್ಕೊಂಡು ಹೇಳು ಅಂದ. ಇಲ್ಲದಿದ್ರ ಆ ಹುಡುಗ ಯಾಕ ಕೆಂಪು ಮುಟ್ಟತಿದ್ದ ಅಂತ ದಿನಾ ಇದ ವಿಚಾರ ಮಾಡತಾನಂತ. ಕಚೇರ್ಯಾಗ ಪೇಶಿ ದಿನ ತಪ್ಪು ನಂದ ಅಂತ ಒಪ್ಪಿಕೊಂಡು ಬಿಡತೀನಿ ಅಂದ. ಬಾಂಬಿನ ನಡುವ ಲಾರಿ ಹೊಡದಾವ್ರೀ ಅವ. ಮಾಡದ ತಪ್ಪನ್ನ ತಂದು ತನ್ನ ತಲಿ ಮ್ಯಾಲ ಇಟಗೊಳ್ಳಾಕ ತಯಾರಾಗಿ ಕುಂತಾನ. ಅವನ ಆ ಮಾರಿ ನೋಡಿದ ಮ್ಯಾಲ ನಿಮ್ಮ ಆಣಿ ನನಗ ಆಣಿ ಅನಿಸಲಿಲ್ಲ. ಅಲ್ಲೇ ಅವನ ಮುಂದ ಎಲ್ಲಾ ಹೇಳಿದೆ. ಅವ ನಿಮಗ ಒಂದು ಬೈಗಳ ಸುದ್ದಾ ಬೈಲಿಲ್ಲ. ಹಂಗಂದ್ರ ನಾ ಸರಿನ ಕಲಿಸಿದ್ದೆ ಅಂತ ಅಂದು ಗ್ವಾಡಿಗೆ ಹಣಿ ಹಚ್ಚಿ ಅತ್ತ.

ಇನ್ನ ನೀವು ಕಡೀಗೆ ಬರದ ಮಾತು. ಸ್ಟೆಪ್ನಿ ಗಾಲಿ ನಿಮ್ಮಪ್ಪನ ಅಂಗಳದಾಗ ಬಿದ್ದೈತಿ, ಅದನ್ನೂ ಕಳಿಸು, ಒಂದು ಗಾಲಿ ಉಳೀತೈತಿ ಅಂತ ಬರದೀರಿ. ಅಲ್ರಿ, ಎಲ್ಲಾ ಒರಸಿದವರು ಇದೊಂದನ್ನ ಮರತೀರಲ್ಲ! ಬೇವಿನ ಗಿಡದ ಬುಡಕ ಗೋಣಿ ತಟ್ಟು ಹೊದ್ದು ಹಂಗ ಬಿದ್ದೈತಿ. ನಾ ತಗದು ನೋಡಿದೆ. ಒಳಗಿನ ಸುತ್ತೂ ಕೆಂಪು, ಹೊರಗಿನ ಸುತ್ತೂ ಕೆಂಪು. ಅಗಸಿ ಎಣ್ಣಿ ಛಲೋ ಹಿಡದೈತಿ. ಬಣ್ಣ ನೋಡಿದ್ರ ಯಾವುದು ಬಿಚ್ಚೂದು ಯಾವುದು ಬಿಡೂದು ಅಂತ ಗೊತ್ತಿದ್ದ ನನಗ ತಿಳೀಲಿಲ್ಲ.

ಈ ಗಾಲಿ ನಿಮಗ ಸಿಗೂದಿಲ್ಲ. ಸೋಮವಾರ ಅಣ್ಣನ ಪೇಶಿ ಐತಿ. ಬಂಡ್ಯಾಗ ಹಾಕ್ಕೊಂಡು ನಾ ಇದನ್ನ ಯಲಬುರ್ಗಾ ಕಚೇರಿಗೆ ಒಯ್ಯತೀನಿ. ಬಾಗಲಾಗ ಆರತಿ ಹಿಡಕೊಂಡು ನಿಂತು ನಾ ಏನು ನೋಡಿದೆ ಅದನ್ನ ಹೇಳತೀನಿ. ನನ್ನ ಮಡಲಾಗ ಮಾರಿ ಇಟ್ಟು ನೀವು ಹೇಳಿದ್ದನ್ನ ಮಾತ್ರ ಅಲ್ಲಿ ಹೇಳೂದಿಲ್ಲ. ಗಂಡ ಹೆಂಡತಿ ಮಾತು ಅಂತ ಅಲ್ಲ, ಅದನ್ನ ಹೇಳಬೇಕಾದವರು ನೀವು ಅಂತ. ಬಂದು ಹೇಳಿದ್ರ ಅವತ್ತಿನಂಗ ನಿಮ್ಮ ಪಕ್ಕದಾಗ ನಿಲ್ಲತೀನಿ. ಬರಲಿಲ್ಲ ಅಂದ್ರ ಈ ಜನ್ಮದಾಗ ನಿಮ್ಮ ಹೊಸ್ತಿಲ ತುಳಿಯೂದಿಲ್ಲ.

ನಿಮ್ಮ ಹೆತ್ತವ್ವಗ ಏನೂ ತಿಳಸಬ್ಯಾಡ, ಆಕಿ ತಡಕೊಳ್ಳೂದಿಲ್ಲ ಅಂತ ಒತ್ತಿ ಒತ್ತಿ ಬರದೀರಿ. ತಡಕೊಳ್ಳಾರದವರು ಯಾರು ಅನ್ನೂದು ನನಗ ಗೊತ್ತೈತಿ.

ಬಳ್ಳಾರಿಗೆ ಹೋದ್ರ ಸುಣ್ಣದ ಗುರುತಿನ ಗಾಲೀನ ತೊಗೋರಿ. ಅಣ್ಣ ಆರಿಸಿದ್ದು ಎಂದೂ ಹುಸಿ ಹೋಗೂದಿಲ್ಲ.

ಇನ್ನೂ ನಿಮ್ಮ ತಾಳಿ ಕೊರಳಾಗ ಇಟಗೊಂಡಿರೂ,
ಶೇಖರಮ್ಮ

ತಾ.ಕ.: ಸೊಸೀನ್ನ ಮೆತ್ತಗ ಮಾಡಿ ಕರಕೊಂಡು ಬಾ ಅಂತ ಪತ್ರಾನೂ ಸೀರೀನೂ ನಿಮ್ಮವ್ವನ ಕೈಯಾಗ ಕಳಿಸಿದ್ರಿ. ಆ ಜೀವಕ್ಕ ಅಕ್ಷರ ಬರೂದಿಲ್ಲ ಅಂತ ನಿಮಗ ಧೈರ್ಯ. ಸೋಮವಾರದಿಂದ ಅತ್ತಿ ನಮ್ಮ ಪಡಸಾಲ್ಯಾಗ ಕುಂತಾರ, ನನ್ನ ಉತ್ತರಕ್ಕ ಕಾಯಕೋತ. ನಮ್ಮ ಮನೀದು ನೀರು ಸುದ್ದಾ ಮುಟ್ಟಿರಲಿಲ್ಲ, ತಂದ ಬುತ್ತೀನ ತಿಂದು ಮಗ್ಗಲದ ಮನಿ ನೀರು ಕುಡದಾರ. ಈಗ ನಾ ಬರದು ಮುಗಿಸಿದಾಗ, ಇಷ್ಟುದ್ದ ಏನು ಬರದಿ, ಓದು ಅಂದ್ರು. ಮೊದಲು ನಿಮ್ಮದು ಓದಿದೆ, ಆಮ್ಯಾಲ ನಂದು ಓದಿದೆ, ಒಂದು ಸಾಲೂ ಬಿಡಲಿಲ್ಲ. ಸೀರಿ ಗಂಟಿನ ಮಾತು ಬಂದಾಗ ನಾ ತಡದೆ, ಮುಂದ ಓದು ಅಂದ್ರು. ಯಾವು ಬಿಚ್ಚಲಿ ಅಂತ ತಿಮ್ಮಣ್ಣ ಕೇಳಿದ ಜಾಗ ಮತ್ತೊಮ್ಮೆ ಓದಿಸಿದ್ರು. ಅಳಲಿಲ್ಲ. ಕಾಯಿ ಒಡದಾಕಿ ನಾನು, ಆ ಕೆಂಪು ನಾನೂ ನೋಡೀನಿ ಅಂದ್ರು. ಎದ್ದು ಬೇವಿನ ಗಿಡದ ಹತ್ರ ಹೋಗಿ ಗೋಣಿ ತಟ್ಟು ತಗದು ಗಾಲಿ ಮುಂದ ಕುಂತ್ರು. ಆಮ್ಯಾಲ ನೀವು ಕಳಿಸಿದ ಇಳಕಲ್ ಸೀರಿ ತರಿಸಿ ಗಾಲಿಗೆ ಸುತ್ತಿ ಗಂಟು ಹಾಕಿದ್ರು, ಬಂಡಿ ಕುಲಕಾಟಕ್ಕ ಹುರಮಂಜ ಉದರಬಾರದು ಅಂತ. ನಮ್ಮವ್ವನ ಕೈಯಾಗಿಂದ ನೀರು ಇಸಗೊಂಡು ಕುಡದಾರ. ಸೋಮವಾರ ಬಂಡ್ಯಾಗ ಗಾಲಿ ಪಕ್ಕ ತಾವ ಕುಂದರತಾರಂತ. ನಿಮಗ ಒಂದ ಮಾತು ಬರಿ ಅಂದಾರ: ಆ ಹುಡುಗ ಕೂಗಿ ಕೇಳಿದಾಗ ನೀವು ಹೊಳ್ಳಿ ನೋಡಲಿಲ್ಲಂತ. ಸೋಮವಾರ ಹೆತ್ತವ್ವನ ಮಾರಿ ನೋಡಿ ಹೇಳಬೇಕಂತ.